ಕರುವಿಗೆ ಬಂತು, ನನಗೆ ಬರಲಿಲ್ಲ

ಮೊನ್ನೆ ಹುಮನಾಬಾದದ ಸಂತೆಯಲ್ಲಿ ಮುದುಕನೊಬ್ಬ ಮೊಮ್ಮಗಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಗುಲಗಂಜಿ ಆರಿಸುತ್ತಿದ್ದ. ಕೆಂಪು ಮೈ, ಕರಿ ಮೂತಿ, ನೋಡಲು ಎಷ್ಟು ಚೆಂದ ಅಂತೀರಿ! ನನಗೆ ಮಾತ್ರ ಮೈಯೆಲ್ಲ ಉರಿಯಿತು. ಯಾಕೆಂದು ಹೇಳುತ್ತೇನೆ, ಕೇಳಿ.

ದುಬಲಗುಂಡಿಯ ನಮ್ಮ ಮನೆಯಲ್ಲಿ ಯಾವ ಔಷಧವನ್ನೂ ಮೊದಲು ದನಕ್ಕೆ ಹಚ್ಚಿ ನೋಡುವ ಪದ್ಧತಿ. ಅಪ್ಪನ ತಮ್ಮ, ನಮ್ಮ ಕಾಕಾನ ಕಾಯಿದೆ ಅದು. ಆತ ಕೆಟ್ಟವನಲ್ಲ. ನನಗೆ ಜ್ವರ ಬಂದಾಗ ಹೆಗಲ ಮೇಲೆ ಹೊತ್ತುಕೊಂಡು ಹುಮನಾಬಾದಿಗೆ ನಡೆದವನು. ಆದರೆ ತಾನು ಕಂಡದ್ದೇ ಖರೆ ಎನ್ನುವ ಹಟ ಇತ್ತಲ್ಲ, ಅದಕ್ಕೆ ಬೆಂಕಿ ಬೀಳಲಿ!

ಮದುವೆಯ ಮಾತು ನಡೆದಿದ್ದ ವರ್ಷವೇ ನನ್ನ ನೆತ್ತಿಯಲ್ಲಿ ರೂಪಾಯಿಯಗಲ ಕೂದಲು ಉದುರಿತು. ನುಣ್ಣಗಿತ್ತು, ನೋವಿಲ್ಲ, ತುರಿಕೆಯಿಲ್ಲ. ಆಗಲೇ ಕೊಟ್ಟಿಗೆಯ ಕರುವಿನ ಕುತ್ತಿಗೆಯಲ್ಲೂ ದುಂಡಗೆ ಕೂದಲು ಹೋಗಿ ಹೊಟ್ಟುಗಟ್ಟಿತ್ತು. ಕಾಕಾ ಗುಲಗಂಜಿ ಅರೆದು ಅದಕ್ಕೆ ಹಚ್ಚಿದ. ಸ್ವಲ್ಪ ದಿನಕ್ಕೆ ಕರುವಿಗೆ ಕೂದಲು ಬಂತು. ಮುಗಿಯಿತು ನನ್ನ ಕಥೆ.

"ಕರೂಗ ಬಂದದ, ನಿನಗ್ಯಾಕ ಬರಂಗಿಲ್ಲ? ಕೂಡು ಸುಮ್ಮ."

ಅದನ್ನೇ ನನಗೂ ಹಚ್ಚಿದ. ನೆತ್ತಿ ಬೊಬ್ಬೆಯೆದ್ದಿತು. ನಾನು ಚೀರಿದರೆ ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದಳು. "ತಡಕೋ ನನ್ನವ್ವ, ಕಲ್ಯಾಣದವ್ರು ನೋಡಾಕ ಬರಾಕತ್ತಾರ."

ಬಂದರು. ಬಸವಕಲ್ಯಾಣದ ಗಂಡಿನ ಕಡೆಯ ಹಿರಿಯಳೊಬ್ಬಳು ಹೂ ಮುಡಿಸುವ ನೆಪದಲ್ಲಿ ಸೆರಗು ಸರಿಸಿ, ಹಸಿ ಗಾಯ ಕಂಡು, ಚಹಾ ಮುಟ್ಟದೆ ಎದ್ದಳು. ಕಾಕಾ ಆಮೇಲೆ ಹೇಳಿದ್ದೇನು ಗೊತ್ತೇ? "ಕರು ಪಾಪ ಮಾಡಿಲ್ಲ, ಬಂತು. ಈಕಿ ಏನ್ ಮಾಡ್ಯಾಳೋ."

ಕೂದಲೂ ಬರಲಿಲ್ಲ, ಮದುವೆಯೂ ಆಗಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತು, ತಲೆಯ ಸೆರಗು ಜಾರಲು ಬಿಡದೆ ಬದುಕಿದೆ. ಹೋದ ವರ್ಷ ಚರ್ಮದ ಡಾಕ್ಟರೊಬ್ಬರು ಗಾಯದ ಕಲೆ ನೋಡಿ, ಕಥೆಯೆಲ್ಲ ಕೇಳಿ ಹೇಳಿದರು: "ಅಕ್ಕೋರ, ಕರೂಂದು ಗಜಕರ್ಣ. ಸುಮ್ನ ಬಿಟ್ರೂ ಹೋಗ್ತದ. ನಿಮ್ದು ಬ್ಯಾರೆ, ನಿಮ್ಮ ಮೈನೇ ನಿಮ್ಮ ಕೂದಲಾ ವೈರಿ ಅಂತ ತಿಳ್ಕೊಂಡಿತ್ತು. ಸುಡದಿದ್ರ ತಾನೇ ಬರ್ತಿತ್ತೇನೋ." ಪರದೇಶದಲ್ಲಿ ಇಲಿ ಸಾಕಿ ಈ ರೋಗ ನೋಡುತ್ತಾರಂತೆ. ಆದರೆ ಇಲಿಗೆ ಬಂದದ್ದು ಇದೇ ರೋಗವೋ ಅಲ್ಲವೋ ಎಂದು ಮೊದಲು ಪರೀಕ್ಷಿಸುತ್ತಾರಂತೆ.

ಇಲಿಯ ರೋಗ ಯಾವುದೆಂದು ಕೇಳುವವರಿದ್ದಾರೆ! ನನ್ನದನ್ನು ಯಾರೂ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ನಮ್ಮಲ್ಲಿ ಕರುವಿನ ಗಜಕರ್ಣಕ್ಕೆ ನನಗೆ ಬರೆ.

ಸಂತೆಯ ಮುದುಕನನ್ನು ಕೇಳಿದೆ, ಯಾರಿಗೆ ಇದು ಅಂತ.

"ಈ ಹುಡುಗಿ ತಲಿಗ್ರಿ. ನಮ್ಮ ಕರೂಗ ಹಚ್ಚೀನಿ, ಬೇಷ್ ಆಗ್ಯದ."

ನನ್ನ ಬಾಯಿ ಮೊದಲೇ ಜೋರು. "ಕರೂಗ ಆಯ್ತೇನ್ರಿ? ಹಂಗಾದ್ರ ಇದನ್ನೂ ನೋಡ್ರಿ!" ಎಂದು ತುಂಬಿದ ಸಂತೆಯಲ್ಲಿ ಸೆರಗು ಎಳೆದು ನೆತ್ತಿ ತೋರಿಸಿದೆ. ಕಾಕಾ ಸತ್ತು ಹೋಗಿದ್ದ. ಅವನಿಗೆ ಹೇಳಬೇಕಾದದ್ದನ್ನೆಲ್ಲ ಈತನಿಗೇ ಹೇಳಿದೆ.

ಮುದುಕ ಮುಷ್ಟಿ ಬಿಚ್ಚಿ ಗುಲಗಂಜಿಯನ್ನು ರಾಶಿಗೇ ಮರಳಿ ಸುರಿದ. ಹುಡುಗಿ ಮೆಲ್ಲಗೆ, "ಭಾಳ ಉರೀತೇನ್ರಿ?" ಎಂದಳು.

ಆ ಮಾತನ್ನು ನನಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. "ಭಾಳ ಉರೀತವ್ವ" ಎಂದೆ. ಸೆರಗು ಹೆಗಲ ಮೇಲೇ ಇತ್ತು, ಹಾಗೇ ಮನೆಗೆ ನಡೆದೆ.