ಸಂಚಿ ಅಲ್ಲ, ಸಾನ್‌ಛಿ

ಕುನ್‌ಮಿಂಗ್‌ಗೆ ಬಂದ ಮೊದಲ ವಾರ, ಪಕ್ಕದ ಮನೆಯ ಅಜ್ಜಿ ಕೊಟ್ಟ ಕೋಳಿ ಸಾರಿನಲ್ಲಿ ನನಗೊಂದು ಕಪ್ಪು ಕಲ್ಲು ಸಿಕ್ಕಿತು. ತೆಗೆದು ಪಕ್ಕಕ್ಕಿಟ್ಟೆ. ಅಜ್ಜಿ ಅದನ್ನು ಮತ್ತೆ ನನ್ನ ಬಟ್ಟಲಿಗೇ ಹಾಕಿ, ತಿನ್ನು ಎಂದು ಕಣ್ಣು ಬಿಟ್ಟರು. ಚೀನಾದ ಈ ಊರಿನಲ್ಲಿ ಔಷಧಿ ಅಂಗಡಿಗೂ ಅಡುಗೆಮನೆಗೂ ನಡುವೆ ಗೋಡೆಯೇ ಇಲ್ಲವೆಂದು ನನಗೆ ತಿಳಿದದ್ದು ಹಾಗೆ.

ಅದು ಸಾನ್‌ಛಿ ಎಂಬ ಬೇರು. ಹೆಸರಿನ ಅರ್ಥ ‘ಮೂರು ಏಳು’. ಯಾಕೆ ಎಂದರೆ ಒಬ್ಬೊಬ್ಬರದು ಒಂದೊಂದು ಕಥೆ. ಬೇಯಿಸಿ ತಿಂದರೆ ಮೈಗೆ ರಕ್ತ ಕೂಡುತ್ತದಂತೆ, ಬೇಯಿಸದೆ ಪುಡಿ ಮಾಡಿ ಗಾಯಕ್ಕೆ ಹಾಕಿದರೆ ಸುರಿಯುವ ರಕ್ತ ನಿಲ್ಲುತ್ತದಂತೆ. ನಾವೂ ಗಾಯಕ್ಕೆ ಒತ್ತುವ ಕಾಫಿಪುಡಿಯನ್ನೇ ಬೆಳಿಗ್ಗೆ ಕುಡಿಯುತ್ತೇವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಇಲ್ಲಿ ನಾನು ಯೋಗ ಕಲಿಸುತ್ತೇನೆ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ನನ್ನಪ್ಪನಿಗೆ ಅದು ಇನ್ನೂ ಕೆಲಸ ಅನ್ನಿಸಿಲ್ಲ. ಉಸಿರಾಡೋದು ಕಲಿಸೋಕೆ ಅಷ್ಟು ದೂರ ಹೋಗ್ಬೇಕಾ ಎನ್ನುತ್ತಾರೆ. ಉಪಯೋಗದ್ದೂ ಏನೋ ಕಲಿತಿದ್ದೇನೆಂದು ತೋರಿಸಲೇಬೇಕಿತ್ತು. ಹೋದ ಸಲ ಊರಿಗೆ ಹೊರಟಾಗ ಒಂದು ಡಬ್ಬಿ ಸಾನ್‌ಛಿ ಪುಡಿ ಒಯ್ದೆ. ನಮ್ಮೂರ ಬಸ್ಸಿಗಾಗಿ ಚಳ್ಳಕೆರೆಯಲ್ಲಿ ಇಳಿದರೆ ಆಟೋದವನೊಬ್ಬ ಹೊರಗಿನವರೆಂದುಕೊಂಡು ನನ್ನನ್ನು ಹಿಂದಿಯಲ್ಲಿ ಮಾತಾಡಿಸಿದ. ಕನ್ನಡದಲ್ಲಿ ಬೈದ ಮೇಲೆ, ಓ, ನಮ್ಮೋರೇ ಎಂದು ನಕ್ಕ.

ಮಾರನೆಯ ಬೆಳಿಗ್ಗೆಯೇ ಅವಕಾಶ ಒದಗಿತು. ಮಗ್ಗದ ಮೇಲೆ ಯಾರದೋ ಮದುವೆಯ ಕೆನೆಬಣ್ಣದ ಧಾರೆ ಸೀರೆ. ಎಳೆ ಕತ್ತರಿಸುತ್ತಿದ್ದ ಬ್ಲೇಡು ಅಪ್ಪನ ಹೆಬ್ಬೆರಳಿಗೆ ತಾಗಿತು. ಒಂದು ಹನಿ ಬಿದ್ದರೂ ಅಷ್ಟು ದಿನದ ನೇಯ್ಗೆ ಹಾಳು. ನಾನು ಓಡಿಹೋಗಿ ಅಪ್ಪನ ಕೈಯನ್ನು ಮಗ್ಗದಿಂದಾಚೆ ಎಳೆದು ಅದುಮಿ ಹಿಡಿದೆ. ಬಿಡುವಂತಿರಲಿಲ್ಲ. ‘ಸಾನ್‌ಛಿ, ಸಾನ್‌ಛಿ’ ಎಂದು ಒಳಗಿದ್ದ ಅವ್ವನಿಗೆ ಕೇಳುವಂತೆ ಕೂಗಿದೆ.

ನಮ್ಮ ಬೀದಿಯ ಕನ್ನಡದಲ್ಲೂ ತೆಲುಗಿನಲ್ಲೂ ಸಂಚಿ ಎಂದರೆ ಚೀಲ. ಅವ್ವ ತನ್ನ ಎಲೆಅಡಿಕೆ ಸಂಚಿ ಹಿಡಿದು ಬಂದಳು. ಅದಲ್ಲ ಎಂದೆ. ಸಂತೆಯ ಸಂಚಿ ಬಂತು. ಅದೂ ಅಲ್ಲ ಎಂದೆ. ಕೊನೆಗೆ ನನ್ನ ಪ್ರಯಾಣದ ಚೀಲವನ್ನೇ ಎಳೆದು ತಂದು ಬಾಗಿಲಲ್ಲಿ ನಿಂತಳು.

“ನಿನ್ನೆ ಬಂದಿದ್ದೀಯ, ಇವತ್ತೇ ಹೊಂಟ್ಯಾ?”

ಪುಡಿ ಅದರೊಳಗೇ ಇತ್ತು. ರಕ್ತ ನಿಂತಿತು, ಸೀರೆ ಉಳಿಯಿತು. ಅಪ್ಪ ಹೆಬ್ಬೆರಳನ್ನು ತಿರುಗಿಸಿ ನೋಡಿ, ಪರವಾಗಿಲ್ಲ ಎಂದರು. ಪುಡಿಗೆ ಹೇಳಿದರೋ ನನಗೆ ಹೇಳಿದರೋ, ಕೇಳುವ ಧೈರ್ಯವಾಗಲಿಲ್ಲ. ಅವ್ವ ಮಾತ್ರ ಮುಖ ಊದಿಸಿಕೊಂಡು ಕೂತಳು.

“ಮೊದ್ಲು ಏನೇ ಆದ್ರೂ ಅವ್ವಾ ಅಂತಿದ್ದೆ. ಈಗ ನಿನ್ ಬಾಯಾಗೆ ಅವರ ಮಾತೇ ಬರ್ತೈತೆ.”

ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಅದಕ್ಕೇ ಅಷ್ಟು ನೋವಾಯಿತು.

ಇಲ್ಲಿಗೆ ಮರಳಿದ ಮೇಲೆ, ಮೊನ್ನೆ ಈರುಳ್ಳಿ ಹೆಚ್ಚುತ್ತಾ ಬೆರಳು ಕೊಯ್ದುಕೊಂಡೆ. ಅವ್ವಾ ಎಂದು ಕಿರುಚಿದ್ದು ಗೋಡೆಯಾಚೆಗೂ ಕೇಳಿಸಿತು. ಪಕ್ಕದ ಮನೆಯ ಅಜ್ಜಿ ಸಾನ್‌ಛಿ ಡಬ್ಬಿ ಹಿಡಿದೇ ಓಡಿ ಬಂದರು. ಪುಡಿ ಹಾಕಿ ಬಟ್ಟೆ ಕಟ್ಟಿ, ಅವ್ವಾ ಎನ್ನುವುದು ನಿಮ್ಮ ಕಡೆ ರಕ್ತ ನಿಲ್ಲಿಸುವ ಬೇರಿನ ಹೆಸರೇ ಎಂದು ಕೇಳಿದರು. ಹೌದು, ಮೊಳಕಾಲ್ಮೂರಿನಲ್ಲಿ ಮಾತ್ರ ಸಿಗುತ್ತದೆ ಎಂದೆ. ಮುಂದಿನ ಸಲ ಹೋದಾಗ ತನಗೂ ಒಂದಿಷ್ಟು ತರಬೇಕಂತೆ.