ಹೊಡೆದು ಹಾಕಿದ ಮೂರು ತಿಂಗಳು

ಪ್ರೆಸ್ಸಿನಲ್ಲಿ ಎಲ್ಲರೂ ಅವನನ್ನು ಕೊಂಬಣ್ಣ ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಅಲ್ಲಿ ಕರಡು ತಿದ್ದಿದ ಮನುಷ್ಯ. ಯಾವುದಾದರೂ ಅಕ್ಷರಕ್ಕೆ ಕೊಂಬು ಬಿಟ್ಟುಹೋಗಿದೆ ಎಂದು ನೆನಪಾದರೆ ಸಾಕು, ಊಟ ಬಿಟ್ಟು ಎದ್ದು ಬರುತ್ತಿದ್ದ. "ಅಕ್ಷರಕ್ಕೆ ಇಲ್ಲದ ಕೊಂಬು ಇವನಿಗೇ ಬಂದಿದೆ ನೋಡ್ರೋ" ಎಂದು ಮಷೀನಿನವರು ನಗುತ್ತಿದ್ದರು. ನಗಲಿ ಬಿಡಿ, ಅವನ ಕೈ ದಾಟಿ ಹೋದ ಪುಟದಲ್ಲಿ ತಪ್ಪು ಹುಡುಕಿದವರು ಯಾರೂ ಇರಲಿಲ್ಲ. ಅವನಿಗೆ ಮೈಯೆಲ್ಲ ಉರಿಯುತ್ತಿದ್ದುದು ಒಂದೇ ವಾಕ್ಯದಲ್ಲಿ ಒಂದೇ ಮಾತು ಎರಡು ಸಲ ಬಂದರೆ. "ಹಾಡಿದ್ದೇ ಹಾಡೋ ಕಿಸುಬಾಯಿ ದಾಸ!" ಎಂದು ಗೊಣಗಿ ಕೆಂಪು ಗೆರೆ ಎಳೆದುಬಿಡುತ್ತಿದ್ದ.

ಅವನ ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ, ಐವತ್ನಾಲ್ಕು ಮೆಟ್ಟಿಲು. ಹೆಂಡತಿಗೆ ಪಾರ್ಶ್ವವಾಯು ಹೊಡೆದು ಆಸ್ಪತ್ರೆಯಿಂದ ಬಂದ ದಿನ ನಾಲ್ಕು ಜನ ಅವಳನ್ನು ಕುರ್ಚಿ ಸಮೇತ ಎತ್ತಿ ಮೇಲೆ ತಂದಿದ್ದರು. ಅದೇ ಕೊನೆ, ಆಮೇಲೆ ಅವಳು ಕೆಳಗೆ ಇಳಿದಿಲ್ಲ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಂಗಸು ಮುಚ್ಚುಮರೆ ಇಲ್ಲದೆ ಹೇಳಿದ್ದಳು: "ದಿನಾ ಹೊರಗೆ ನಡೆಸಿ ಅಣ್ಣ. ಈ ವರ್ಷ ಕಳೆದರೆ ಆ ಕಾಲು ಮತ್ತೆ ಹತೋಟಿಗೆ ಬರಲ್ಲ."

ಹಿಂದಿನ ಬೀದಿಯಲ್ಲಿ ನೆಲಮಟ್ಟದ ಮನೆಯೊಂದು ಮಾರಾಟಕ್ಕಿತ್ತು. ಒಂದೇ ಹೊಸ್ತಿಲು, ಮುಂದೆ ನಾಲ್ಕು ಹೆಜ್ಜೆ ಅಂಗಳ. ಅದರ ಒಡತಿ, ನಿವೃತ್ತ ನರ್ಸ್, "ವರ್ಷ ಮುಗಿಯೋವರೆಗೆ ಕಾಯ್ತೀನಿ" ಎಂದಿದ್ದಳು. ಆದರೆ ಅದನ್ನು ಕೊಳ್ಳಬೇಕಾದರೆ ಮೊದಲು ಈ ಮನೆ ಮಾರಾಟವಾಗಬೇಕಲ್ಲ! ಬ್ರೋಕರ್ ಒಬ್ಬ ಬಾಗಿಲಿಗೇ ಬಂದ. ಕೊಂಬಣ್ಣ ಅವನನ್ನು ಕೂರಿಸಲೂ ಇಲ್ಲ. "ಊರಿನ ಕಾಗದವನ್ನೆಲ್ಲ ತಿದ್ದಿದೋನು ನಾನು. ನನ್ನ ಮನೆ ಕಾಗದ ಓದೋಕೆ ನೀನು ಬೇಕಾ?" ಎಂದ. ಹೆಂಡತಿ ಒಳಗಿನಿಂದಲೇ "ರೀ, ಒಂದು ಮಾತು ಕೇಳಿ ನೋಡಬಾರದಾ?" ಎಂದಳು. ಕೇಳಿದರೆ ಅವನು ಕೊಂಬಣ್ಣ ಹೇಗಾದಾನು?

ಕೊಂಬಣ್ಣನ ಮನೆ ಮೆಚ್ಚಿದವರು ಒಬ್ಬ ಡ್ರಾಯಿಂಗ್ ಮೇಷ್ಟ್ರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಕರಾರುಪತ್ರವನ್ನು ಅವರೇ ಬರೆಸಿ ತಂದರು. ಅದರಲ್ಲೊಂದು ಷರತ್ತು: "ಕೊಳ್ಳುವವರ ಹಳೆಯ ಮನೆ ಮೂರು ತಿಂಗಳೊಳಗೆ ಮಾರಾಟವಾದಲ್ಲಿ, ಆ ಹಣ ಕೈಸೇರಿದ ಮೂರು ತಿಂಗಳೊಳಗೆ ಈ ಮನೆಯನ್ನು ಕೊಳ್ಳತಕ್ಕದ್ದು, ಅಲ್ಲಿಯವರೆಗೆ ಮಾರುವವರು ಬೇರೆ ಯಾರಿಗೂ ಮಾರತಕ್ಕದ್ದಲ್ಲ."

ಕೊಂಬಣ್ಣನ ಕಣ್ಣು ಕೆಂಪಾಯಿತು. ಒಂದೇ ವಾಕ್ಯದಲ್ಲಿ ಎರಡು ಸಲ ಮೂರು ತಿಂಗಳು! ಮೊದಲನೆಯದರ ಮೇಲೆ ಗೆರೆ ಎಳೆದ. "ನೀವು ತಿಳಿದೋರು ಸಾರ್" ಎಂದು ಮೇಷ್ಟ್ರು ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು, ಇವನೂ ಹಾಕಿದ. ಆ ಸಂಜೆ ಹೆಂಡತಿಗೆ ಹೊಸ ಚಪ್ಪಲಿ ತಂದು ಬಾಗಿಲ ಬಳಿ ಇಟ್ಟ, ಜಾರದಂಥದ್ದು, ಹಿಂದೆ ಪಟ್ಟಿ ಇರುವಂಥದ್ದು.

ಮೂರು ತಿಂಗಳು ಹೋಯಿತು, ಐದು ಹೋಯಿತು. ಮೇಷ್ಟ್ರ ಹಳೆ ಮನೆಯ ಗೋಡೆ ಬಿರುಕು ಬಿಟ್ಟಿತ್ತು, ಕೊಳ್ಳುವವರೇ ಇಲ್ಲ. ಅಷ್ಟರಲ್ಲಿ ಕೆಳಮಹಡಿಯವರ ಭಾವಮೈದುನ ನಾಳೆಯೇ ಕೊಳ್ಳುತ್ತೇನೆ ಎಂದು ಬಂದು ನಿಂತ. ಕೊಂಬಣ್ಣ ಮೇಷ್ಟ್ರ ಮನೆಗೆ ಓಡಿದ.

"ದಯವಿಟ್ಟು ಬಿಟ್ಟುಕೊಡಿ ಮೇಷ್ಟ್ರೇ."

"ಅಯ್ಯೋ, ನಾವು ಕೈಬಿಟ್ಟಿಲ್ಲ ಸಾರ್! ನನ್ನ ಹೆಂಡತಿ ನಿಮ್ಮನೆ ಗೋಡೆಗೆ ಬಣ್ಣ ಕೂಡ ಆರಿಸಿಬಿಟ್ಟಿದ್ದಾಳೆ. ಇವತ್ತಲ್ಲ ನಾಳೆ ನಮ್ಮದು ಮಾರಾಟ ಆಗತ್ತೆ."

ಕೊಂಬಣ್ಣ ವಕೀಲರ ಬಳಿ ಹೋದ. ಅವರು ಪತ್ರವನ್ನು ಎರಡು ಸಲ ಓದಿದರು. "ಮೊದಲನೇ ಮೂರು ತಿಂಗಳು ನಿಮ್ಮನ್ನ ಕಾಪಾಡೋಕೆ ಇತ್ತು. ಅಷ್ಟರಲ್ಲಿ ಅವರ ಮನೆ ಮಾರಾಟ ಆಗದಿದ್ದರೆ ನೀವು ಬಿಡುಗಡೆ. ಎರಡನೇದು ದುಡ್ಡು ಬಂದಮೇಲಿನ ಗಡುವು. ಈಗ ಕಾಯೋದಕ್ಕೆ ಕೊನೆಯೇ ಇಲ್ಲ. ಕೋರ್ಟಿಗೆ ಹೋಗಬಹುದು, ಆದರೆ ವರ್ಷಗಟ್ಟಲೆ ಆಗತ್ತೆ. ಇದನ್ನ ಯಾವ ಪುಣ್ಯಾತ್ಮ ಹೊಡೆದು ಹಾಕಿದ್ದು?"

ಕೊಂಬಣ್ಣ ತನ್ನದೇ ಕೆಂಪು ಗೆರೆಯನ್ನು ನೋಡುತ್ತ ಕುಳಿತ. ಎಷ್ಟು ನೇರವಾಗಿತ್ತು! ಅವನಿಗೆ ತನ್ನ ಕೈಯನ್ನೇ ಕಡಿದುಕೊಳ್ಳಬೇಕು ಅನ್ನಿಸಿತು.

ವರ್ಷ ಮುಗಿಯಿತು. ನರ್ಸಮ್ಮ ಎರಡು ವಾರ ಹೆಚ್ಚೇ ಕಾದಳು, ಪಾಪ. ಆಮೇಲೆ ಆ ಮನೆಗೆ ಬೇರೆಯವರು ಬಂದರು. ಕೊಂಬಣ್ಣನ ಅಡುಗೆಮನೆ ಕಿಟಕಿಯಿಂದ ಅವರು ಅಂಗಳದಲ್ಲಿ ಬಟ್ಟೆ ಒಣಹಾಕುವುದು ಕಾಣುತ್ತಿತ್ತು. ಹೆಂಡತಿ ಗೋಡೆ ಹಿಡಿದು ಅಲ್ಲಿಯವರೆಗೆ ಹೇಗೋ ಬಂದಿದ್ದಳು. ಅವಳ ಎಡಗಾಲು ನೆಲದ ಮೇಲೆ ಎಳೆದ ಸದ್ದು ಅವನಿಗೆ ಹಜಾರದಿಂದಲೇ ಕೇಳಿಸಿತ್ತು.

"ಹೋಯ್ತು ಕಣೇ" ಎಂದ. "ನಾನೇ ಹಾಳುಮಾಡಿದೆ. ಎರಡೇ ಪದ ಹೊಡೆದುಹಾಕಿದೆ."

ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಬೈದಿದ್ದರೆ ಚೆನ್ನಾಗಿತ್ತು. ಅವಳು ಆ ಅಂಗಳವನ್ನೇ ನೋಡುತ್ತಿದ್ದಳು.

"ಹೋಗ್ಲಿ ಬಿಡಿ" ಎಂದಳು. "ಹತ್ತಿಸೋಕೆ ಬಂದ್ರಲ್ಲ ನಾಲ್ಕು ಜನ, ಇಳಿಸೋಕೂ ಬರ್ತಾರೆ ಒಂದಿನ. ಆ ಚಪ್ಪಲಿ ಯಾರಿಗಾದ್ರೂ ಕೊಟ್ಟುಬಿಡಿ, ಅವತ್ತು ಅದು ಬೇಕಾಗಲ್ಲ."