ಅರ್ಧ ಗಡ್ಡ

ಬೀದಿಯವರ ಬಾಯಲ್ಲಿ ಅವನು ಬೆಣ್ಣೆಕೈ. ಅವನ ಕತ್ತಿ ಕೆನ್ನೆಯ ಮೇಲೆ ಹರಿದಾಡಿದ್ದೇ ಗೊತ್ತಾಗುವುದಿಲ್ಲವೆಂದು ಇನ್ನೂ ಗಡ್ಡ ಬಾರದವರೂ ಹೊಗಳುತ್ತಿದ್ದರು. ಅಂಥ ಕ್ಷೌರಿಕ ಒಂದು ಬೆಳಿಗ್ಗೆ ಅಂಗಡಿಯ ಕನ್ನಡಿ ಒರೆಸಲು ಸ್ಟೂಲು ಹತ್ತಿ, ಕನ್ನಡಿ ಸಮೇತ ಕೆಳಗೆ ಬಿದ್ದ. ಬಲಗೈಗೆ ಗಾಜು ಹೊಕ್ಕು, ನರ ಅರ್ಧಕ್ಕರ್ಧ ತುಂಡಾಯಿತು. ಹೊಲಿಗೆ ಬಿಚ್ಚಿದ ಮೇಲೆ ನೋಡಿದರೆ, ಬೆರಳುಗಳು ಹೇಳಿದ ಮಾತೇ ಕೇಳುತ್ತಿಲ್ಲ!

"ವರ್ಷದೊಳಗೆ ಕತ್ತಿ ಹಿಡೀಲಿಲ್ಲ ಅಂದ್ರೆ ಅಂಗಡಿ ಕೊಟ್ಟುಬಿಡೋಣ" ಎಂದ ಹೆಂಡತಿಗೆ. ಪಕ್ಕದ ಬಟ್ಟೆ ಅಂಗಡಿಯವರು ಜಾಗಕ್ಕೆ ಆಗಲೇ ಕಣ್ಣು ಹಾಕಿದ್ದರು. ಅವಳು ಕತ್ತರಿ ಎತ್ತಿಕೊಂಡು ಗಿರಾಕಿಗಳ ತಲೆಗೂದಲು ಕತ್ತರಿಸಲು ನಿಂತಳು. ಬೆಂಚಿನಿಂದ ಅವನು ಬಾಯಿ ಹಾಕುವುದು, "ಸುಮ್ನೆ ಕೂತ್ಕೊಳ್ರಿ" ಎಂದು ಅವಳು ಗದರುವುದು, ಬಂದವರಿಗೆ ಪುಕ್ಕಟೆ ಮನರಂಜನೆ.

ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. "ನರದ ಎಳೆಗಳಲ್ಲಿ ಅರ್ಧ ಹೋಗಿವೆ. ಉಳಿದವು ಸುಮ್ನೆ ಕೂರಲ್ಲ. ಹೊಸ ಕವಲು ಬಿಟ್ಟು, ದಿಕ್ಕಿಲ್ಲದ ಸ್ನಾಯುವಿನ ಎಳೆಗಳನ್ನೂ ತಾವೇ ವಹಿಸ್ಕೊಳ್ತವೆ. ಬಲ ಬರುತ್ತೆ. ಆದ್ರೆ ಒಂದೊಂದಕ್ಕೂ ಹೊರೆ ಜಾಸ್ತಿ, ಬೇಗ ಸುಸ್ತಾಗುತ್ತೆ. ಅವಸರ ಮಾಡ್ಬೇಡಿ."

ಬೇಡ ಎಂದರೆ ಕೇಳುವ ಆಸಾಮಿಯೇ! ಅಪ್ಪನ ಕಾಲದ ಕೂದಲು ಕತ್ತರಿಸುವ ಕೈಮಷಿನ್ನನ್ನು ಅಟ್ಟದಿಂದ ಇಳಿಸಿ, ಬೆಳಗಿನಿಂದ ಸಂಜೆವರೆಗೆ ಕಟಕಟ ಒತ್ತಿದ. ಬೆರಳು ಆಡತೊಡಗಿದ್ದೇ ತಡ, ಇನ್ನಷ್ಟು ಒತ್ತಿದ. ಎರಡೇ ವಾರ, ಬಾಚಣಿಗೆ ಎತ್ತಲೂ ಕೈ ಬರಲಿಲ್ಲ.

"ಇಬ್ಬರ ಕೆಲಸ ಒಬ್ಬನೇ ಮಾಡ್ತಿರೋವಾಗ ಅವನನ್ನ ಓಡಿಸೋದಾ? ಕರುಣೆ ಇಲ್ವಾ ನಿಮಗೆ?" ಎಂದು ಡಾಕ್ಟರಮ್ಮ ಚೆನ್ನಾಗಿ ಝಾಡಿಸಿದರು. ಅಂದಿನಿಂದ ಮಷಿನ್ನು ಹೆಂಡತಿಯ ವಶ. ದಿನಕ್ಕೆ ಹತ್ತು ನಿಮಿಷ ಕೊಡುತ್ತಿದ್ದಳು, ಕಿತ್ತುಕೊಳ್ಳುತ್ತಿದ್ದಳು.

ಹನ್ನೊಂದನೇ ತಿಂಗಳಿಗೆ ಕೈ ಕತ್ತಿ ಹಿಡಿಯಿತು. ಮೊದಲು ಕೂತವನು ಭಾವ, ಹೆಂಡತಿಯ ಅಣ್ಣ.

"ನೋಡಪ್ಪಾ, ಕೂರೋವಾಗ ಎರಡು ಕಿವಿ ಇವೆ. ಏಳೋವಾಗ್ಲೂ ಎರಡೇ ಇರ್ಬೇಕು" ಎಂದು ಕುರ್ಚಿಯನ್ನು ಬಿಗಿಯಾಗಿ ಹಿಡಿದ.

ಎಡಗೆನ್ನೆ ನುಣ್ಣಗಾಯಿತು. ಹಿಂದಿನ ನಯ ಇರಲಿಲ್ಲ, ಕತ್ತಿ ಆಗಾಗ ಒರಟಾಗಿ ಜಗ್ಗುತ್ತಿತ್ತು. ಆದರೂ ಒಂದು ಗೀರು ಬೀಳಲಿಲ್ಲ. ಗದ್ದಕ್ಕೆ ಬರುವ ಹೊತ್ತಿಗೆ ಹೆಬ್ಬೆರಳು ಅದುರಿತು.

ಅವನು ಕತ್ತಿಯನ್ನು ಮೇಲೆತ್ತಿದ. ಇನ್ನೊಂದು ಕೆನ್ನೆ ತಾನೇ, ಹಟ ಹಿಡಿದರೆ ಮುಗಿಸಬಹುದು. ಬೆಂಚಿನಲ್ಲಿ ಮೂವರು ನೋಡುತ್ತಿದ್ದಾರೆ ಬೇರೆ. ಭಾವನ ಕತ್ತಿನಲ್ಲಿ ನೊರೆಯ ಕೆಳಗೆ ನಾಡಿ ಮಿಡಿಯುತ್ತಿತ್ತು. ನಾಚಿಕೆಯಿಂದ ಕಣ್ಣು ತುಂಬಿ ಬಂತು. ಕತ್ತಿಯನ್ನು ಹೆಂಡತಿಯತ್ತ ಚಾಚಿ, "ಆ ಕಡೆ ನೀನು ಮಾಡು" ಎಂದ.

ಅವಳು ತುಟಿ ಕಚ್ಚಿಕೊಂಡು ನಿಧಾನವಾಗಿ ಮಾಡಿದಳು. ಟವೆಲ್ ಮುಖಕ್ಕೆ ಬಂದ ಮೇಲೆಯೇ ಭಾವ ಉಸಿರು ಬಿಟ್ಟದ್ದು.

"ನಾನು ಅರ್ಧ ಗಡ್ಡ ಮಾಡಿದ್ರೆ ಅಂಗಡಿ ನಡೆಯುತ್ತೇನೇ?" ಕತ್ತಿ ತೊಳೆಯುತ್ತಿದ್ದವಳನ್ನು ಗಂಡ ಕೇಳಿದ. "ಬಟ್ಟೆ ಅಂಗಡಿಯವರಿಗೆ ಏನು ಹೇಳೋಣ?"

"ಅವರಿಗೆ ಹೇಳಿ ಆಗ್ಲೇ ಎಂಟು ತಿಂಗಳಾಯ್ತು" ಎಂದಳು ಅವಳು. "ಕೊಡಲ್ಲ ಅಂತ."